ಏಳು–ಆರು: ಒಂದೇ ಮತದ ತೀರ್ಪು ಎಷ್ಟು ಗಟ್ಟಿ?

ಪ್ರಶ್ನೆ: ನಾನು ಅರಸೀಕೆರೆ ಕಡೆಯ ನಿವೃತ್ತ ಹೈಸ್ಕೂಲ್ ಮೇಷ್ಟ್ರು. ಮೊಮ್ಮಗಳು ಕಾನೂನು ಓದುತ್ತಿದ್ದಾಳೆ. ಕೇಶವಾನಂದ ಭಾರತಿ ಪ್ರಕರಣ 7–6ರಲ್ಲಿ ತೀರ್ಮಾನವಾಯಿತು ಎಂದು ಮೊನ್ನೆ ಹೇಳಿದಳು. ಅವತ್ತಿನಿಂದ ಅದೇ ತಲೆಯಲ್ಲಿ ಕೊರೆಯುತ್ತಿದೆ. ಒಬ್ಬ ನ್ಯಾಯಮೂರ್ತಿ ಆ ಕಡೆ ವಾಲಿದ್ದರೆ ಸಂವಿಧಾನದ ಗತಿ ಏನಾಗುತ್ತಿತ್ತು? ಒಂದೇ ಮತದಿಂದ ಬಂದ ತೀರ್ಪು ಎಷ್ಟು ಗಟ್ಟಿ? ಉಳಿದ ಆರು ಜನ ಬರೆದದ್ದಕ್ಕೆ ಬೆಲೆ ಇದೆಯೇ? ಅಂದಹಾಗೆ ಆ ಸ್ವಾಮೀಜಿ ಗೆದ್ದರೋ, ಸೋತರೋ?

ಉತ್ತರ: ಮೇಷ್ಟ್ರೇ, ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಅದನ್ನು ಕೇಳುವವರು ಕಡಿಮೆ. ಸ್ವಾಮೀಜಿ ಕೇಳಿಕೊಂಡು ಹೋದದ್ದು ಅವರಿಗೆ ಸಿಗಲಿಲ್ಲ.

ಕೇಶವಾನಂದ ಭಾರತಿಯವರು ಕಾಸರಗೋಡಿನ ಎಡನೀರು ಮಠದ ಸ್ವಾಮಿಗಳು. ಮಧುವಾಹಿನಿ ಹೊಳೆಯ ಪಕ್ಕದ ಮಠ ಅದು. ಊರು ಕೇರಳಕ್ಕೆ ಸೇರಿದರೂ ಮಠದ ಮಾತು ಕನ್ನಡ, ತುಳು. ಸ್ವಾಮೀಜಿಗೆ ಯಕ್ಷಗಾನ, ಸಂಗೀತ ಅಂದರೆ ಪ್ರಾಣ. ಕೇರಳದ ಭೂಸುಧಾರಣೆ ಕಾನೂನಿನಿಂದ ಮಠದ ಜಮೀನು ಕೈತಪ್ಪುವ ಹಾಗಾದಾಗ, 1970ರ ಮಾರ್ಚ್ 21ರಂದು ಅವರು ಸುಪ್ರೀಂ ಕೋರ್ಟಿಗೆ ರಿಟ್ ಅರ್ಜಿ ಹಾಕಿದರು. ಆಗ ಅವರಿಗೆ ಮೂವತ್ತರ ಆಸುಪಾಸು. ಅರ್ಜಿ ಕೋರ್ಟಿನಲ್ಲಿ ಇರುವಾಗಲೇ ಸಂಸತ್ತು ಸಂವಿಧಾನಕ್ಕೆ 24, 25 ಮತ್ತು 29ನೇ ತಿದ್ದುಪಡಿಗಳನ್ನು ತಂದಿತು. 29ನೆಯದು ಇದೇ ಕೇರಳದ ಕಾನೂನಿನ ತಿದ್ದುಪಡಿಗಳನ್ನು ಒಂಬತ್ತನೇ ಶೆಡ್ಯೂಲಿಗೆ ಸೇರಿಸಿ, ಕೋರ್ಟು ಮುಟ್ಟದ ಹಾಗೆ ಮಾಡಿತು. ಅಲ್ಲಿಗೆ ಜಮೀನಿನ ವ್ಯಾಜ್ಯ ಸಂವಿಧಾನದ ವ್ಯಾಜ್ಯವಾಯಿತು. ಸಂಸತ್ತು ಸಂವಿಧಾನವನ್ನು ಎಲ್ಲಿಯವರೆಗೆ ತಿದ್ದಬಹುದು? ಬೇಕಾದ ಹಾಗೆಲ್ಲ ತಿದ್ದಬಹುದೋ, ಎಲ್ಲಾದರೂ ಒಂದು ಗೆರೆ ಇದೆಯೋ?

ಕೊನೆಗೆ 29ನೇ ತಿದ್ದುಪಡಿ ಊರ್ಜಿತವಾಯಿತು. ಮಠಕ್ಕೆ ಜಮೀನಿನ ವಿಷಯದಲ್ಲಿ ಪರಿಹಾರ ಸಿಗಲಿಲ್ಲ. ಆದರೆ ಆ ಗೆರೆ ಇದೆ ಎಂದು ಕೋರ್ಟು ಹೇಳಿತು. ಸ್ವಾಮೀಜಿ 2020ರ ಸೆಪ್ಟೆಂಬರ್ 6ರಂದು ತೀರಿಕೊಂಡರು. ದೇಶದ ಕಾನೂನು ಕಾಲೇಜುಗಳಲ್ಲೆಲ್ಲ ಅವರ ಹೆಸರು ದಿನಾ ಕೇಳುತ್ತದೆ.

ಈಗ ಲೆಕ್ಕಕ್ಕೆ ಬರೋಣ. ಮೊದಲನೆಯದಾಗಿ, ಹದಿಮೂರು ನ್ಯಾಯಮೂರ್ತಿಗಳು ಯಾಕೆ ಬೇಕಾದರು? 1967ರ ಗೋಲಕನಾಥ್ ಪ್ರಕರಣದಲ್ಲಿ ಹನ್ನೊಂದು ನ್ಯಾಯಮೂರ್ತಿಗಳು ಕೂತಿದ್ದರು. ಮೂಲಭೂತ ಹಕ್ಕುಗಳನ್ನು ಸಂಸತ್ತು ಮೊಟಕು ಮಾಡುವ ಹಾಗಿಲ್ಲ ಎಂದು 6–5ರಲ್ಲಿ ಹೇಳಿದ್ದರು. ಅದನ್ನು ಮತ್ತೆ ತೂಗಿ ನೋಡಬೇಕಾದರೆ ಅದಕ್ಕಿಂತ ದೊಡ್ಡ ಪೀಠ ಬೇಕು. ಹಾಗಾಗಿ ಹದಿಮೂರು. ನೋಡಿ, ಒಂದು ಮತದ ಅಂತರ ಅದಕ್ಕೂ ಮೊದಲೇ ಇತ್ತು.

ಬಹುಮತದ ನಿಯಮ ಸಂವಿಧಾನದಲ್ಲೇ ಇದೆ. 145ನೇ ವಿಧಿಯ 5ನೇ ಉಪವಿಧಿ ಹೇಳುವುದು ಇಷ್ಟು: ಪ್ರಕರಣ ಕೇಳಿದ ನ್ಯಾಯಮೂರ್ತಿಗಳಲ್ಲಿ ಹೆಚ್ಚಿನವರು ಒಪ್ಪಿದ್ದೇ ಕೋರ್ಟಿನ ತೀರ್ಪು. ಒಪ್ಪದವರು ತಮ್ಮ ಭಿನ್ನ ತೀರ್ಪನ್ನು ಕೊಡಬಹುದು. ಹಾಗೆ ಬಂದ ತೀರ್ಪು 141ನೇ ವಿಧಿಯ ಪ್ರಕಾರ ದೇಶದ ಎಲ್ಲ ಕೋರ್ಟುಗಳಿಗೂ ಕಾನೂನು. 7–6 ಆದರೂ ಅಷ್ಟೇ, 13–0 ಆದರೂ ಅಷ್ಟೇ. 2022ರಲ್ಲಿ ಐದು ನ್ಯಾಯಮೂರ್ತಿಗಳ ಪೀಠ ಇದನ್ನು ಇನ್ನೂ ಬಿಡಿಸಿ ಹೇಳಿತು. ಏಳು ಜನರ ಪೀಠದ 4–3ರ ತೀರ್ಪು, ಐದು ಜನ ಒಮ್ಮತದಿಂದ ಕೊಟ್ಟ ತೀರ್ಪಿಗಿಂತ ಮೇಲೆ. ಎಣಿಸಬೇಕಾದದ್ದು ಪೀಠದಲ್ಲಿ ಕೂತವರನ್ನು, ಆ ಕಡೆ ಎಷ್ಟು ಈ ಕಡೆ ಎಷ್ಟು ಎಂದಲ್ಲ. ಇಬ್ಬರೇ ಇದ್ದು ಇಬ್ಬರೂ ಬೇರೆ ಬೇರೆ ಹೇಳಿದರೆ ತೀರ್ಪೇ ಇಲ್ಲ. ನಮ್ಮ ರಾಜ್ಯದ ಹಿಜಾಬ್ ಪ್ರಕರಣದಲ್ಲಿ 2022ರ ಅಕ್ಟೋಬರ್ 13ರಂದು ಆದದ್ದು ಅದೇ. ದೊಡ್ಡ ಪೀಠಕ್ಕೆ ಕೊಡಲು ಮುಖ್ಯ ನ್ಯಾಯಮೂರ್ತಿಗಳ ಮುಂದೆ ಇಡಬೇಕಾಯಿತು.

ಇದು ಪುಸ್ತಕದ ಉತ್ತರ. ನಿಮ್ಮ ತಲೆಯಲ್ಲಿ ಕೊರೆಯುತ್ತಿರುವ ಹುಳಕ್ಕೆ ಇದು ಸಾಲದು, ಗೊತ್ತು.

ಆ ತೀರ್ಪನ್ನು ಹತ್ತಿರದಿಂದ ನೋಡೋಣ. 1972ರ ಅಕ್ಟೋಬರ್ 31ರಿಂದ 1973ರ ಮಾರ್ಚ್ 23ರವರೆಗೆ 68 ದಿನ ವಾದ ನಡೆಯಿತು. ಸ್ವಾಮೀಜಿ ಪರ ನಾನಿ ಪಾಲ್ಕಿವಾಲಾ. ಕೇರಳದ ಪರ ಎಚ್.ಎಂ. ಸೀರ್ವಾಯಿ. ಕೇಂದ್ರದ ಪರ ಅಟಾರ್ನಿ ಜನರಲ್ ನಿರೇನ್ ಡೇ. ಏಪ್ರಿಲ್ 24ರಂದು ತೀರ್ಪು ಬಂತು. ಮುಖ್ಯ ನ್ಯಾಯಮೂರ್ತಿ ಸಿಕ್ರಿಯವರ ನಿವೃತ್ತಿಯ ಮುನ್ನಾದಿನ ಅದು. ಹದಿಮೂರು ಜನ ಸೇರಿ ಹನ್ನೊಂದು ತೀರ್ಪು ಬರೆದಿದ್ದರು. ಶೆಲತ್ ಮತ್ತು ಗ್ರೋವರ್ ಒಟ್ಟಿಗೆ, ಹೆಗ್ಡೆ ಮತ್ತು ಮುಖರ್ಜಿ ಒಟ್ಟಿಗೆ, ಉಳಿದವರೆಲ್ಲ ಒಬ್ಬೊಬ್ಬರೇ.

ಕಾಲೇಜಿನಲ್ಲಿದ್ದಾಗ ನಾನು ಇದನ್ನು ಮೊದಲ ಸಲ ಓದಲು ಕೂತು ದಿಕ್ಕು ತಪ್ಪಿದೆ. ಯಾರು ಯಾವ ಕಡೆ ಎಂದೇ ತಿಳಿಯಲಿಲ್ಲ. ಕೊನೆಗೆ ನೋಟ್‌ಬುಕ್ಕಿನ ನಡುವೆ ಪೆನ್ಸಿಲಿನಲ್ಲಿ ಗೆರೆ ಎಳೆದು, ಎಡಕ್ಕೆ ಆರು ಹೆಸರು, ಬಲಕ್ಕೆ ಆರು ಹೆಸರು ಬರೆದೆ. ಒಂದು ಹೆಸರು ಯಾವ ಕಡೆಗೂ ಪೂರ್ತಿ ಕೂರಲಿಲ್ಲ. ಅದು ಎಚ್.ಆರ್. ಖನ್ನಾ.

ಎಡಗಡೆಯ ಆರು ಜನ, ಅಂದರೆ ಸಿಕ್ರಿ, ಶೆಲತ್, ಹೆಗ್ಡೆ, ಗ್ರೋವರ್, ಜಗನ್ಮೋಹನ್ ರೆಡ್ಡಿ, ಮುಖರ್ಜಿ, ಹೇಳಿದ್ದು: ತಿದ್ದುವ ಅಧಿಕಾರಕ್ಕೆ ಸಂವಿಧಾನದ ಒಳಗೇ ಮಿತಿಗಳಿವೆ. ಬಲಗಡೆಯ ಆರು ಜನ, ರೇ, ಪಾಲೇಕರ್, ಮ್ಯಾಥ್ಯೂ, ಬೇಗ್, ದ್ವಿವೇದಿ, ಚಂದ್ರಚೂಡ್, ಅಂಥ ಮಿತಿ ಇಲ್ಲ ಎಂದರು. ಖನ್ನಾ ಎರಡೂ ಕಡೆಯವರಿಗೆ ಅರ್ಧ ಅರ್ಧ ಒಪ್ಪಿದರು. ಒಳಗೆ ಅಡಗಿದ ಮಿತಿ ಅಂತ ಏನೂ ಇಲ್ಲ, ಮೂಲಭೂತ ಹಕ್ಕುಗಳನ್ನೂ ತಿದ್ದಬಹುದು ಎಂದರು. ಆದರೆ ‘ತಿದ್ದುಪಡಿ’ ಎಂಬ ಮಾತಿನ ಅರ್ಥವನ್ನೇ ಹಿಡಿದುಕೊಂಡರು. ತಿದ್ದುವುದು ಅಂದರೆ ಇರುವುದನ್ನು ತಿದ್ದುವುದು. ತಿದ್ದಿದ ಮೇಲೂ ಹಳೆಯದು ಗುರುತು ಸಿಗುವ ಹಾಗೆ ಉಳಿದಿರಬೇಕು. ಮನೆ ರಿಪೇರಿ ಮಾಡುತ್ತೇನೆ ಎಂದು ಹೇಳಿ ಅಡಿಪಾಯವನ್ನೇ ಕಿತ್ತರೆ ಅದನ್ನು ರಿಪೇರಿ ಅನ್ನೋದಿಲ್ಲ ಅಲ್ವಾ? (ಮನೆಯ ಹೋಲಿಕೆ ನನ್ನದು.) ಹಾಗಾಗಿ ಸಂವಿಧಾನದ ಮೂಲ ಸ್ವರೂಪವನ್ನು ಬದಲಿಸುವ ಅಧಿಕಾರ ಸಂಸತ್ತಿಗೆ ಇಲ್ಲ ಎಂದು ಅವರು ತೀರ್ಮಾನಕ್ಕೆ ಬಂದರು.

ಎಡಗಡೆಯ ಆರು ಜನ ಬೇರೆ ದಾರಿಯಲ್ಲಿ ನಡೆದು ತಲುಪಿದ ಜಾಗಕ್ಕೇ ಖನ್ನಾ ತಮ್ಮ ದಾರಿಯಲ್ಲಿ ಬಂದು ನಿಂತರು. ದಾರಿ ಎರಡು, ತಲುಪಿದ್ದು ಒಂದೇ ಕಡೆ. ಅದೇ ಏಳು.

ತೀರ್ಪಿನ ಕೊನೆಯಲ್ಲಿ ಚಿಕ್ಕದೊಂದು ಸಾರಾಂಶ ಇದೆ. ಬಹುಮತದ ಅಭಿಪ್ರಾಯ ಇದು ಎಂದು ಕೆಲವೇ ಸಾಲು. ಗೋಲಕನಾಥ್ ತೀರ್ಪು ರದ್ದು, ಮೂಲಭೂತ ಹಕ್ಕುಗಳನ್ನೂ ಸಂಸತ್ತು ತಿದ್ದಬಹುದು ಎಂಬ 24ನೇ ತಿದ್ದುಪಡಿ ಸರಿ, ಮೂಲ ಸ್ವರೂಪವನ್ನು ಮುಟ್ಟುವ ಹಾಗಿಲ್ಲ, ಹೀಗೆ. ಅದಕ್ಕೆ ಸಹಿ ಹಾಕಿದವರು ಒಂಬತ್ತು ಜನ. ಏಳಲ್ಲ, ಒಂಬತ್ತು! ಒಪ್ಪದಿದ್ದ ಪಾಲೇಕರ್ ಮತ್ತು ಚಂದ್ರಚೂಡ್ ಕೂಡ, ಬಹುಮತ ಹೇಳಿದ್ದು ಇದೇ ಎಂದು ಸಹಿ ಮಾಡಿದರು. ರೇ, ಮ್ಯಾಥ್ಯೂ, ಬೇಗ್, ದ್ವಿವೇದಿ ಮಾಡಲಿಲ್ಲ. ಆ ಒಂದು ಹಾಳೆಗೆ ಕಾನೂನಿನ ತೂಕ ಎಷ್ಟು ಎಂದು ಪಂಡಿತರು ವರ್ಷಗಟ್ಟಲೆ ಜಗ್ಗಾಡಿದ್ದಾರೆ. ಮೊಮ್ಮಗಳಿಗೆ ಹೇಳಿ, ಮೊದಲು ಆ ಹಾಳೆ ನೋಡಲಿ. ಆಮೇಲೆ ಖನ್ನಾ ಅವರ ತೀರ್ಪು ಓದಲಿ.

ಖನ್ನಾ ಆ ಕಡೆ ಪೂರ್ತಿ ವಾಲಿದ್ದರೆ? ಹೌದು, ಆ ದಿನದ ಮಟ್ಟಿಗೆ ಮೂಲ ಸ್ವರೂಪದ ಮಾತು ಬಿದ್ದುಹೋಗುತ್ತಿತ್ತು. ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಆದರೆ ಒಂದು ತೀರ್ಪು ಬಂದ ದಿನವೇ ಅದರ ಗಟ್ಟಿತನ ತಿಳಿಯುವುದಿಲ್ಲ. ಆಮೇಲೆ ಬಂದವರು ಅದನ್ನು ಹೇಗೆ ಬಳಸಿದರು ಎಂದು ನೋಡಬೇಕು. ಅದರಲ್ಲೂ ವಿರೋಧಿಸಿದ್ದವರು ಏನು ಮಾಡಿದರು ಎಂದು ನೋಡಬೇಕು. ನನ್ನನ್ನು ಈ ಪ್ರಕರಣ ಇಷ್ಟು ವರ್ಷ ಹಿಡಿದಿಟ್ಟಿರುವುದು ಅದೇ.

1975ರ ನವೆಂಬರ್ 7. ತುರ್ತು ಪರಿಸ್ಥಿತಿಯ ಕಾಲ. ಇಂದಿರಾ ಗಾಂಧಿಯವರ ಚುನಾವಣಾ ಪ್ರಕರಣದ ತೀರ್ಪು ಬಂತು. ಪ್ರಧಾನಿಯ ಚುನಾವಣೆಯನ್ನು ಕೋರ್ಟು ಪ್ರಶ್ನಿಸದ ಹಾಗೆ 39ನೇ ತಿದ್ದುಪಡಿ ಮಾಡಲಾಗಿತ್ತು. ಪೀಠದಲ್ಲಿದ್ದ ಐವರಲ್ಲಿ ನಾಲ್ವರು, ರೇ, ಮ್ಯಾಥ್ಯೂ, ಬೇಗ್, ಚಂದ್ರಚೂಡ್, 1973ರಲ್ಲಿ ಆರರ ಸಾಲಿನಲ್ಲಿದ್ದವರು. ಐದನೆಯವರು ಖನ್ನಾ. ಆ ಪೀಠವೇ ತಿದ್ದುಪಡಿಯ ಆ ಭಾಗವನ್ನು ಹೊಡೆದುಹಾಕಿತು. ಎರಡು ವರ್ಷದ ಹಿಂದೆ ಮಿತಿ ಇಲ್ಲ ಎಂದಿದ್ದ ಮ್ಯಾಥ್ಯೂ, ಚಂದ್ರಚೂಡ್ ಈಗ ಆ ಮಿತಿಯೇ ಕಾನೂನು ಎಂದು ಒಪ್ಪಿ ನಡೆದರು. ಅದಾದ ಮೂರೇ ದಿನಕ್ಕೆ, ನವೆಂಬರ್ 10ರಂದು, ಕೇಶವಾನಂದ ತೀರ್ಪನ್ನೇ ಮರುಪರಿಶೀಲಿಸಲು ಮತ್ತೊಂದು ಹದಿಮೂರರ ಪೀಠ ಕೂತಿತು. ಮುಖ್ಯ ನ್ಯಾಯಮೂರ್ತಿ ರೇ ಕೂರಿಸಿದ ಪೀಠ ಅದು. ಪಾಲ್ಕಿವಾಲಾ ಎದ್ದು ನಿಂತು ವಾದಿಸಿದರು. ಎರಡು ದಿನದ ವಾದ ಆದ ಮೇಲೆ ರೇ ಅವರೇ ಪೀಠವನ್ನು ವಿಸರ್ಜಿಸಿದರು.

ಆಮೇಲೆ 42ನೇ ತಿದ್ದುಪಡಿ. ಸಂವಿಧಾನದ ತಿದ್ದುಪಡಿಗಳನ್ನು ಯಾವ ಕೋರ್ಟೂ ಪ್ರಶ್ನಿಸುವಂತಿಲ್ಲ, ತಿದ್ದುವ ಅಧಿಕಾರಕ್ಕೆ ಯಾವ ಮಿತಿಯೂ ಇಲ್ಲ ಎಂದು ಅದರಲ್ಲೇ ಬರೆದುಬಿಟ್ಟರು. ಅದನ್ನು ಕೋರ್ಟಿಗೆ ತಂದ ಪ್ರಕರಣ ನಮ್ಮ ಬೆಂಗಳೂರಿನ ಮಿನರ್ವಾ ಮಿಲ್ಸ್‌ನದು. 1980ರಲ್ಲಿ ಐವರ ಪೀಠ ಆ ಎರಡೂ ಸಾಲುಗಳನ್ನು ರದ್ದು ಮಾಡಿತು. ಬೇರೊಂದು ವಿಷಯದಲ್ಲಿ ಭಗವತಿಯವರು ಭಿನ್ನಮತ ಬರೆದರು. ಆದರೆ ಈ ಅಂಶದಲ್ಲಿ ಐವರೂ ಒಂದೇ. ಬಹುಮತದ ತೀರ್ಪು ಬರೆದವರು ಯಾರು ಗೊತ್ತೇ? ಮುಖ್ಯ ನ್ಯಾಯಮೂರ್ತಿ ವೈ.ವಿ. ಚಂದ್ರಚೂಡ್. ನನ್ನ ನೋಟ್‌ಬುಕ್ಕಿನ ಬಲಗಡೆ ಆರನೇ ಹೆಸರು.

1994ರಲ್ಲಿ ಎಸ್.ಆರ್. ಬೊಮ್ಮಾಯಿ ಪ್ರಕರಣದಲ್ಲಿ ಒಂಬತ್ತು ನ್ಯಾಯಮೂರ್ತಿಗಳು ಕೂತಾಗ, ಜಾತ್ಯತೀತತೆ ಮೂಲ ಸ್ವರೂಪದ ಭಾಗ ಎಂಬ ಮಾತು ಗಟ್ಟಿಯಾಯಿತು. ನಮ್ಮ ಮುಖ್ಯಮಂತ್ರಿಯ ಸರ್ಕಾರವನ್ನು 1989ರಲ್ಲಿ ವಜಾ ಮಾಡಿದ್ದರಿಂದ ಹುಟ್ಟಿದ ಪ್ರಕರಣ ಅದು. 2007ರಲ್ಲಿ ಮತ್ತೆ ಒಂಬತ್ತು ಜನರ ಪೀಠ ಒಮ್ಮತದಿಂದ ಹೇಳಿತು: 1973ರ ಏಪ್ರಿಲ್ 24ರ ನಂತರ ಒಂಬತ್ತನೇ ಶೆಡ್ಯೂಲಿಗೆ ಸೇರಿಸಿದ ಕಾನೂನುಗಳನ್ನೂ ಮೂಲ ಸ್ವರೂಪದ ಒರೆಗೆ ಹಚ್ಚಬಹುದು. ಸ್ವಾಮೀಜಿಯ ತೀರ್ಪು ಬಂದ ತಾರೀಕೇ ಗಡಿಗಲ್ಲಾಯಿತು. 7–6ರಲ್ಲಿ ಹುಟ್ಟಿದ್ದು ಹೀಗೆ ಪೀಠದಿಂದ ಪೀಠಕ್ಕೆ ಬೇರು ಬಿಟ್ಟಿತು. ಇವತ್ತು ಅದನ್ನು ಒಂದು ಮತದ ತೀರ್ಪು ಎಂದು ಕರೆಯಲು ನನಗೆ ಮನಸ್ಸಾಗುವುದಿಲ್ಲ.

ಇದಕ್ಕೆ ಬೆಲೆ ತೆತ್ತವರೂ ಇದ್ದಾರೆ. ತೀರ್ಪಿನ ಮರುದಿನವೇ ರೇ ಅವರನ್ನು ಮುಂದಿನ ಮುಖ್ಯ ನ್ಯಾಯಮೂರ್ತಿ ಎಂದು ಪ್ರಕಟಿಸಿದರು. ಸೇವಾ ಹಿರಿತನದಲ್ಲಿ ಮುಂದಿದ್ದ ಶೆಲತ್, ಹೆಗ್ಡೆ, ಗ್ರೋವರ್ ಮೂವರನ್ನೂ ಬದಿಗೆ ಸರಿಸಿದ್ದರು. ಮೂವರೂ ರಾಜೀನಾಮೆ ಕೊಟ್ಟರು. ಅವರಲ್ಲಿ ಕೆ.ಎಸ್. ಹೆಗ್ಡೆ ನಮ್ಮವರು, ಕಾರ್ಕಳ ಕಡೆಯ ಕೌಡೂರಿನವರು. ಮೈಸೂರು ಹೈಕೋರ್ಟಿನಲ್ಲಿ ನ್ಯಾಯಮೂರ್ತಿಯಾಗಿದ್ದವರು, ದೆಹಲಿ ಹೈಕೋರ್ಟಿನ ಮೊದಲ ಮುಖ್ಯ ನ್ಯಾಯಮೂರ್ತಿ. 1977ರಲ್ಲಿ ಬೆಂಗಳೂರು ದಕ್ಷಿಣದಿಂದ ಗೆದ್ದು ಲೋಕಸಭೆಯ ಸ್ಪೀಕರ್ ಆದರು. ಸಂವಿಧಾನವನ್ನು ಎಷ್ಟು ತಿದ್ದಬಹುದು ಎಂದು ತೀರ್ಪು ಬರೆದ ಮನುಷ್ಯ, ತಿದ್ದುವ ಸದನದ ಪೀಠದಲ್ಲೇ ಕೂತರು. 1978ರ 44ನೇ ತಿದ್ದುಪಡಿ ಅವರ ಕಾಲದಲ್ಲೇ ಬಂತು. ಅದರ ಮಾತು ಮುಂದೆ ಬರುತ್ತದೆ.

ಈಗ ಭಿನ್ನ ತೀರ್ಪಿನ ಬೆಲೆ. ಇದಕ್ಕೂ ಖನ್ನಾ ಅವರನ್ನೇ ಕರೆತರಬೇಕು.

1975ರ ಜೂನ್ 26ರಂದು ವಾಜಪೇಯಿ, ಆಡ್ವಾಣಿ, ಮಧು ದಂಡವತೆ ಸಂಸದೀಯ ಸಮಿತಿಯ ಕೆಲಸಕ್ಕೆ ಬೆಂಗಳೂರಿಗೆ ಬಂದಿದ್ದರು. ಇಲ್ಲೇ ಬಂಧಿಸಿದರು. ಇಟ್ಟದ್ದು ಈಗ ಫ್ರೀಡಂ ಪಾರ್ಕ್ ಆಗಿರುವ ಹಳೇ ಸೆಂಟ್ರಲ್ ಜೈಲಿನಲ್ಲಿ. ಅವರು ಕರ್ನಾಟಕ ಹೈಕೋರ್ಟಿಗೆ ಹೇಬಿಯಸ್ ಕಾರ್ಪಸ್ ಅರ್ಜಿ, ಅಂದರೆ ಬಂಧನ ಕಾನೂನುಬದ್ಧವೇ ಎಂದು ಪರೀಕ್ಷಿಸಿ ಎಂದು ಕೇಳುವ ಅರ್ಜಿ ಹಾಕಿದರು. ನಮ್ಮ ಹೈಕೋರ್ಟೂ ಸೇರಿ ಹಲವು ಹೈಕೋರ್ಟುಗಳು ಇಂಥ ಅರ್ಜಿಗಳನ್ನು ಕೇಳಬಹುದು ಎಂದವು. ತುರ್ತು ಪರಿಸ್ಥಿತಿಯಲ್ಲಿ ಇವನ್ನು ಕೇಳುವಂತಿಲ್ಲ ಎಂದು ಕೇಂದ್ರ ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು. ಅದೇ ಎಡಿಎಂ ಜಬಲ್‌ಪುರ್ ಪ್ರಕರಣ.

ವಾದ ನಡೆಯುವಾಗ ಖನ್ನಾ ಅಟಾರ್ನಿ ಜನರಲ್ ನಿರೇನ್ ಡೇ ಅವರಿಗೆ ಒಂದು ಪ್ರಶ್ನೆ ಕೇಳಿದರು. ಪೊಲೀಸ್ ಅಧಿಕಾರಿಯೊಬ್ಬ ವೈಯಕ್ತಿಕ ದ್ವೇಷಕ್ಕೆ ಒಬ್ಬನನ್ನು ಕೊಂದುಹಾಕಿದರೆ? ಆಗಲೂ ಕೋರ್ಟಿನಲ್ಲಿ ಪರಿಹಾರ ಇಲ್ಲವೇ? ನನ್ನ ವಾದದ ಪ್ರಕಾರ, ತುರ್ತು ಪರಿಸ್ಥಿತಿ ಇರುವವರೆಗೆ ಇಲ್ಲ ಎಂಬ ಉತ್ತರ ಬಂತು. 1976ರ ಏಪ್ರಿಲ್ 28ರಂದು ನಾಲ್ವರು ಸರ್ಕಾರದ ಕಡೆ ನಿಂತರು: ರೇ, ಬೇಗ್, ಚಂದ್ರಚೂಡ್, ಭಗವತಿ. ಖನ್ನಾ ಒಬ್ಬರೇ ಬೇರೆ ಬರೆದರು. ಜೀವ ಮತ್ತು ಸ್ವಾತಂತ್ರ್ಯವನ್ನು ಕಾನೂನಿನ ಆಧಾರವಿಲ್ಲದೆ ಕಿತ್ತುಕೊಳ್ಳುವ ಅಧಿಕಾರ, 21ನೇ ವಿಧಿ ಇರಲಿ ಬಿಡಲಿ, ರಾಜ್ಯಕ್ಕೆ ಇಲ್ಲ ಎಂದರು. ಭಿನ್ನ ತೀರ್ಪು ಅಂದರೆ ಮುಂದೊಂದು ದಿನದ ವಿವೇಕಕ್ಕೆ ಸಲ್ಲಿಸುವ ಮೇಲ್ಮನವಿ ಎಂಬ ಹಳೆಯ ಮಾತನ್ನೂ ಅದರಲ್ಲಿ ಉಲ್ಲೇಖಿಸಿದರು. 1977ರ ಜನವರಿಯಲ್ಲಿ ಅವರನ್ನು ಬಿಟ್ಟು, ಅವರಿಗಿಂತ ಕಿರಿಯರಾದ ಬೇಗ್ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದರು. ಖನ್ನಾ ರಾಜೀನಾಮೆ ಬರೆದರು.

ಆ ಮೇಲ್ಮನವಿ ಎರಡು ಕಡೆ ಇತ್ಯರ್ಥವಾಯಿತು. ಮೊದಲು ಸಂಸತ್ತಿನಲ್ಲಿ. 44ನೇ ತಿದ್ದುಪಡಿಯಿಂದ ತುರ್ತು ಪರಿಸ್ಥಿತಿಯಲ್ಲೂ 20 ಮತ್ತು 21ನೇ ವಿಧಿಗಳನ್ನು ಅಮಾನತಿನಲ್ಲಿ ಇಡುವ ಹಾಗಿಲ್ಲ ಎಂದಾಯಿತು. ಆಮೇಲೆ ಕೋರ್ಟಿನಲ್ಲೇ, ಅದೂ ನಮ್ಮ ಊರಿನವರ ಅರ್ಜಿಯಿಂದ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ ಆಧಾರ್ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಖಾಸಗಿತನ ಮೂಲಭೂತ ಹಕ್ಕೇ ಎಂಬ ಪ್ರಶ್ನೆ ಎದ್ದಿತು. 1954ರ ಎಂಟು ಜನರ ಪೀಠದ ತೀರ್ಪೊಂದು ಅಡ್ಡ ಇತ್ತು. ಹಾಗಾಗಿ ಒಂಬತ್ತು ಜನ ಕೂತರು. 2017ರ ಆಗಸ್ಟ್ 24ರಂದು ಒಂಬತ್ತೂ ಜನ ಹೌದು ಎಂದರು. ಅದೇ ತೀರ್ಪಿನಲ್ಲಿ ಡಿ.ವೈ. ಚಂದ್ರಚೂಡ್ ಅವರು ಎಡಿಎಂ ಜಬಲ್‌ಪುರ್ ತೀರ್ಪನ್ನು ತಪ್ಪು ಎಂದು ಹೇಳಿ ತಳ್ಳಿಹಾಕಿದರು. ಅಪ್ಪ ಸಹಿ ಹಾಕಿದ್ದ ತೀರ್ಪನ್ನು ಮಗ ಅಳಿಸಿದರು. ನಲವತ್ತೊಂದು ವರ್ಷ ಬೇಕಾಯಿತು.

ಭಿನ್ನ ತೀರ್ಪುಗಳೆಲ್ಲ ಹೀಗೆ ಗೆಲ್ಲುತ್ತವೆ ಎಂದು ತಿಳಿಯಬೇಡಿ. ಬಹಳಷ್ಟು ಸಂಪುಟಗಳಲ್ಲೇ ಮಲಗಿರುತ್ತವೆ. ಹಾಗೆಯೇ ಕೇಶವಾನಂದದ ಆರು ಜನರನ್ನು ಸೋತವರು ಎಂದು ಪಕ್ಕಕ್ಕೆ ಇಡಲೂಬೇಡಿ. ಯಾವುದು ‘ಮೂಲ’ ಎಂದು ಹೇಳುವವರು ಯಾರು? ಜನ ಆರಿಸದ ನ್ಯಾಯಮೂರ್ತಿಗಳೇ? ಇದು ಅವರ ಪ್ರಶ್ನೆಯಾಗಿತ್ತು, ಪ್ರಾಮಾಣಿಕ ಪ್ರಶ್ನೆ. ಇವತ್ತಿಗೂ ಪೂರ್ತಿ ಉತ್ತರ ಸಿಕ್ಕಿಲ್ಲ. ಮೂಲ ಸ್ವರೂಪದ ಹೆಸರು ಹೇಳಿ ಕೋರ್ಟು ಏನನ್ನಾದರೂ ಹೊಡೆದುಹಾಕಿದಾಗಲೆಲ್ಲ ನಾನು ಆ ಆರು ಜನರ ಪುಟಗಳನ್ನು ಮತ್ತೆ ತೆರೆಯುತ್ತೇನೆ. ಕೋರ್ಟು ತನ್ನ ಗೆರೆಯನ್ನು ತಾನು ದಾಟಿದೆಯೇ ಎಂದು ಅಳೆಯಲು ಅವೇ ಬೇಕು.

ಇನ್ನೊಂದು ಮಾತು. ಈಗೀಗ ಟಿವಿಯಲ್ಲಿ ಪೀಠದ ಹೆಸರು ಬರುತ್ತಿದ್ದ ಹಾಗೆ, ಇವರು ಇಂಥವರ ಕಡೆ, ಅವರು ಅಂಥವರ ಕಡೆ ಎಂದು ಹೇಳಿಬಿಡುತ್ತಾರೆ. ಹಿರಿಯ ಚಂದ್ರಚೂಡ್ ಅವರನ್ನು ಎಲ್ಲಿ ಕೂರಿಸುತ್ತೀರಿ? 1973ರಲ್ಲಿ ಮಿತಿ ಇಲ್ಲ ಎಂದರು, 1976ರಲ್ಲಿ ಸರ್ಕಾರದ ಕಡೆ ನಿಂತರು, 1980ರಲ್ಲಿ ಮಿತಿಯ ಪರವಾಗಿ ಬರೆದರು. ಭಗವತಿಯವರು ಜಬಲ್‌ಪುರ್ ಪ್ರಕರಣದಲ್ಲಿ ತಾವು ತಪ್ಪು ಮಾಡಿದ್ದಾಗಿ ಎಷ್ಟೋ ವರ್ಷಗಳ ನಂತರ ಬಹಿರಂಗವಾಗಿ ಒಪ್ಪಿಕೊಂಡರು. ಹಾಗಾಗಿ ಹೆಸರು ನೋಡಿ ಸುಮ್ನೆ ತೀರ್ಮಾನಕ್ಕೆ ಬರಬೇಡ, ಬರೆದದ್ದನ್ನು ಓದು ಎಂದು ಮೊಮ್ಮಗಳಿಗೆ ಹೇಳಿ.

ಓದಲು ದುಡ್ಡು ಕೊಡಬೇಕಿಲ್ಲ. ಪ್ರಕರಣಕ್ಕೆ ಐವತ್ತು ತುಂಬಿದಾಗ, 2023ರಲ್ಲಿ, ಸುಪ್ರೀಂ ಕೋರ್ಟೇ ಇದಕ್ಕೆಂದು ಒಂದು ವೆಬ್ ಪುಟ ತೆರೆಯಿತು. ಖನ್ನಾ ಆದ ಮೇಲೆ ಹೆಗ್ಡೆ–ಮುಖರ್ಜಿ, ಆಮೇಲೆ ಮ್ಯಾಥ್ಯೂ, ಕೊನೆಗೆ ಚಂದ್ರಚೂಡ್ ಓದಲಿ. ನೋಟ್‌ಬುಕ್ಕಿನ ನಡುವೆ ಗೆರೆ ಎಳೆದುಕೊಂಡೇ ಕೂರಲಿ. ಮುಂದೆ ಎಂದಾದರೂ ದೆಹಲಿಗೆ ಹೋದರೆ ಸುಪ್ರೀಂ ಕೋರ್ಟಿನ ಎರಡನೇ ನಂಬರ್ ಕೋರ್ಟ್ ಹಾಲಿನ ಗೋಡೆಯ ಕಡೆ ನೋಡಲಿ. ಅಲ್ಲಿ ಖನ್ನಾ ಅವರ ಚಿತ್ರ ಇದೆ. ಮುಖ್ಯ ನ್ಯಾಯಮೂರ್ತಿ ಆಗದವರ ಚಿತ್ರ, ಅವರು ಬದುಕಿದ್ದಾಗಲೇ ಹಾಕಿದ್ದು.